ಆರು ನಿಮಿಷದ ನೀರು

ಓಬಳೇಶಪ್ಪನ ಹಿತ್ತಲ ಬೇಲಿಗೂ ಕೆರೆ ಕಾಲುವೆಗೂ ನಡುವೆ ಇರುವುದು ಒಂದು ಎಮ್ಮೆ ಅಡ್ಡ ಮಲಗುವಷ್ಟು ಜಾಗ. ಬೇಲಿಯ ಆಚೆ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಬೇಲಿಯ ಈಚೆ, ಅವನ ಹೆಂಡತಿ ದ್ಯಾಮಕ್ಕನ ಮಲ್ಲಿಗೆ ಮಡಿಗಳು ಶಿವರಾತ್ರಿ ಕಳೆಯಿತೆಂದರೆ ಬಿರುಕು ಬಿಡುತ್ತಿದ್ದವು. ದ್ಯಾಮಕ್ಕ ಬೀದಿ ನಲ್ಲಿಯ ಮುಂದೆ ಪಾಳಿ ಹಚ್ಚಿ, ಕೊಡದ ಮೇಲೆ ಕೊಡ ಹೊತ್ತು ತಂದು ಆ ಗಿಡಗಳ ಬುಡಕ್ಕೆ ಹಾಕುತ್ತಿದ್ದಳು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಮೂವತ್ತೆರಡು ವರ್ಷ. ಊರಿಗೆ ಹೊಸಬರು ಯಾರಾದರೂ ಬಂದು, "ಯಾಕವ್ವ, ಬೆನ್ನಿಗೇ ಕಾಲುವಿ ಐತಲ್ಲ?" ಎಂದು ಕೇಳಿದರೆ ಅವಳು ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ, "ಐತ್ರಿ. ಕಾಲುವಿ ಕಾಯೋನು ನನ್ನ ಗಂಡನ ಅದಾನ, ಅದಕ್ಕ ಈ ಕೊಡ" ಎನ್ನುತ್ತಿದ್ದಳು. ಹೊಸಬರಿಗೆ ಇದು ತಿಳಿಯುತ್ತಿರಲಿಲ್ಲ. ಊರಿನವರು ನಗುತ್ತಿದ್ದರು.

ಹಡಗಲಿಯಿಂದ ಹೊಳಲಿನ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುವ ಊರು ಅದು. ಕೆರೆಗೆ ಈಗ ಹೊಳೆಯ ನೀರು ಪೈಪಿನಲ್ಲಿ ಬಂದು ಬೀಳುತ್ತದೆ. ಕೆರೆಯ ತೂಬಿನಿಂದ ಹೊರಟ ಕಾಲುವೆ ಇಪ್ಪತ್ತೇಳು ಮಂದಿಯ ಹೊಲ ತೋಟಗಳನ್ನು ನೆನೆಸಿ ಊರ ಮಗ್ಗುಲಲ್ಲಿ ಮುಗಿಯುತ್ತದೆ. ಯಾರಿಗೆ ಯಾವ ದಿನ, ಎಷ್ಟು ನಿಮಿಷ ನೀರು ಎಂಬುದನ್ನು ನೀರು ಬಳಕೆದಾರರ ಸಂಘದ ಪಾಳಿ ಪುಸ್ತಕ ಹೇಳುತ್ತದೆ. ಆ ಪುಸ್ತಕದ ಪ್ರಕಾರ ಒಬ್ಬರ ಹೊಲಕ್ಕೆ ಕಾಲುವೆಯ ದಂಡೆ ಕಡಿದು ನೀರು ಬಿಟ್ಟು, ಹೊತ್ತು ಮುಗಿದ ಕೂಡಲೇ ಮಣ್ಣಿನ ಹೆಂಟೆ ಇಟ್ಟು ತುಳಿದು, ಮುಂದಿನವರಿಗೆ ತಿರುಗಿಸುವವನೇ ನೀರಗಂಟಿ. ಓಬಳೇಶಪ್ಪ ಆ ಊರಿನ ನೀರಗಂಟಿ. ಹೆಗಲ ಮೇಲೊಂದು ಸಲಿಕೆ, ಎಡಗೈಯಲ್ಲಿ ಗಡಿಯಾರ, ಅಂಗಿ ಜೇಬಿನಲ್ಲಿ ಮೊಬೈಲು. ಎರಡರ ಹೊತ್ತೂ ಹೊಂದದಿದ್ದರೆ ನಡುವಿನದನ್ನು ಹಿಡಿಯುತ್ತಿದ್ದ. ಯಾರಿಗೂ ಅರ್ಧ ನಿಮಿಷದ ಮೋಸವೂ ಆಗಬಾರದಲ್ಲ!

ಅವನ ನ್ಯಾಯದ ಕಥೆಗಳು ಊರಲ್ಲಿ ಬೇಕಾದಷ್ಟಿವೆ. ಸಂಘದ ಅಧ್ಯಕ್ಷರು ತಮ್ಮ ಮೆಣಸಿನ ಗಿಡಕ್ಕೆ ಐದು ನಿಮಿಷ ಹೆಚ್ಚಿಗೆ ಬಿಡು ಎಂದು ಹೇಳಿ ಕಳಿಸಿದಾಗ, "ಅಧ್ಯಕ್ಷರ ಕುರ್ಚಿಗೆ ನೀರಿನ ಪಾಳಿ ಇಲ್ಲ, ಹೊಲಕ್ಕ ಐತಿ, ಅದು ಮುಗಿದೈತಿ" ಎಂದು ಹೇಳಿ ಕಳಿಸಿದವನು. ನಾಗೇಂದ್ರಪ್ಪ ತೀರಿಕೊಂಡ ದಿನ ಮನೆಯವರೆಲ್ಲ ಹೆಣದ ಸುತ್ತ ಕೂತಿದ್ದಾಗ, ಇವನು ಹೋಗಿ ಆ ಮನೆಯ ಈರುಳ್ಳಿ ಹೊಲಕ್ಕೆ ಸರಿಯಾಗಿ ಹೊತ್ತಿಗೆ ನೀರು ತಿರುಗಿಸಿ ಬಂದ. "ಮನುಷ್ಯಾ ಹೋಗ್ಯಾನ, ಪಾಳಿ ಎಲ್ಲಿಗೆ ಹೋಕ್ಕೈತಿ?" ಎಂದನಂತೆ. ಆ ಮನೆಯವರು ಈಗಲೂ ಅದನ್ನು ನೆನೆದು ಕೈ ಮುಗಿಯುತ್ತಾರೆ. ಕಾಲುವೆಯ ನೀರಿನಲ್ಲಿ ಅವನು ಕಾಲು ತೊಳೆದದ್ದನ್ನು ನೋಡಿದವರಿದ್ದಾರೆ, ಆದರೆ ಒಂದು ತಂಬಿಗೆ ಮನೆಗೆ ಒಯ್ದದ್ದನ್ನು ನೋಡಿದವರಿಲ್ಲ. ಇಂಥ ಗಂಡನನ್ನು ಕಟ್ಟಿಕೊಂಡವಳ ಸೊಂಟದ ಗತಿ ಏನಾಗಿರಬಹುದು ಎಂದು ಮಾತ್ರ ಆ ಹೊಗಳುವ ಬಾಯಿಗಳು ಕೇಳಲಿಲ್ಲ. ಒಳ್ಳೆಯವನೆಂಬ ಹೆಸರು ಗಂಡನದು, ಅದನ್ನು ಹೊರುವ ಕೆಲಸ ಹೆಂಡತಿಯದು. ಸಂಸಾರ ಅಂದರೆ ಹಾಗೇ ಅಲ್ಲವೆ!

ದ್ಯಾಮಕ್ಕ ಜಗಳಗಂಟಿಯಲ್ಲ. ವರ್ಷಕ್ಕೊಮ್ಮೆ ಮಾತ್ರ, ಯುಗಾದಿಯ ಆಸುಪಾಸಿನಲ್ಲಿ, ಮಲ್ಲಿಗೆ ಮೊಗ್ಗು ಕಟ್ಟುವ ಹೊತ್ತಿಗೆ ನೀರಿಲ್ಲದೆ ಎಲೆ ಸುಟ್ಟುಹೋದಾಗ ಕೇಳುತ್ತಿದ್ದಳು:

"ನಮ್ಮಪ್ಪ ಇದ್ದಾಗ ಈ ಹಿತ್ತಲಕ್ಕ ನೀರು ಬರ್ತಿತ್ತಲ್ಲರೀ. ನಾನ ಸಣ್ಣಾಕಿ ಇದ್ದಾಗ ಮಡೀಗಿ ನೀರು ಕಟ್ಟೀನಿ. ಆಮ್ಯಾಲ ಯಾಕ ನಿಂತತು?"

"ಆವಾಗ ಬರ್ತಿತ್ತು. ಮ್ಯಾಲಿನಿಂದ ಆರ್ಡರ್ ಬಂತು. ಮನಿ ಹಿತ್ತಲಕ್ಕ ಇನ್ನ ಪಾಳಿ ಇಲ್ಲ ಅಂತ. ಎಷ್ಟ ಸಲ ಹೇಳ್ಲಿ ನಿನಗ?"

ಸುಳ್ಳು ಹೇಳದ ಗಂಡ ಹೇಳಿದ ಮೇಲೆ ಮುಗಿಯಿತು. ಅವಳು ಮತ್ತೆ ಕೊಡ ಎತ್ತುತ್ತಿದ್ದಳು. ಆ ಮಲ್ಲಿಗೆ ಅವಳಿಗೆ ಬರೀ ಹೂವಲ್ಲ. ತವರಿನಿಂದ ಅವಳ ಪಾಲಿಗೆ ಬಂದದ್ದೆಂದರೆ ಆ ಮನೆ, ಆ ಹಿತ್ತಲು, ಅಪ್ಪ ಸೋಮಪ್ಪ ನೆಟ್ಟ ಆ ಬೇರು. ಒಂದೊಂದು ಬೇಸಿಗೆಗೂ ಒಂದೊಂದು ಗಿಡ ಸಾಯುತ್ತ ಬಂದು, ಹನ್ನೊಂದು ಮಡಿ ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಈ ನಾಲ್ಕೂ ಹೋದರೆ ಅಪ್ಪನ ಕೈಯ ಗುರುತು ಎನ್ನುವುದು ಆ ಮಣ್ಣಿನಲ್ಲಿ ಉಳಿಯುತ್ತಿರಲಿಲ್ಲ.

ಈಗ ಲಾನಿನ ವಿಷಯಕ್ಕೆ ಬರಬೇಕು.

ದ್ಯಾಮಕ್ಕನ ಹಿತ್ತಲು ದಾಟಿದ ಮೇಲೆ ಕಾಲುವೆಯ ಕಟ್ಟಕಡೆಯ ಜಮೀನು ಒಂದು ಅರ್ಧ ಎಕರೆ. ನಾಲ್ಕು ವರ್ಷದ ಹಿಂದೆ ಅದನ್ನು ಗುರುಸಂಗಪ್ಪನವರು ಕೊಂಡರು. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜೋಳ ಬೆಳೆಯುತ್ತಿದ್ದ ಜಾಗದಲ್ಲಿ ಮನೆ ಕಟ್ಟಿಸಿ, ಮನೆಯ ಮುಂದೆ ದಾವಣಗೆರೆಯಿಂದ ಚಾಪೆಯ ಹಾಗೆ ಸುತ್ತಿ ತಂದ ಹುಲ್ಲನ್ನು ಹಾಸಿಸಿದರು. ಜಮೀನಿನ ಜೊತೆ ಜಮೀನಿನ ಪಾಳಿಯೂ ಬಂದಿತ್ತು: ಶನಿವಾರ ಬೆಳಿಗ್ಗೆ ನಲವತ್ತು ನಿಮಿಷ.

ಮೊದಲ ಶನಿವಾರ ಓಬಳೇಶಪ್ಪ ಪಾಳಿ ಪುಸ್ತಕ ತೆಗೆದು ಕೇಳಿದ:

"ಸಾಹೇಬ್ರ, ಬೆಳಿ ಕಾಲಂನ್ಯಾಗ ಏನ್ ಬರೀಲಿ?"

"ಲಾನ್ ಅಂತ ಬರಿಯಪಾ."

"ಅದು ಕಾಳ ಕಟ್ಟತೈತೇನ್ರಿ?"

"ಇಲ್ಲಪಾ. ಹುಲ್ಲು."

"ದನ ಎಷ್ಟ ಅದಾವ್ರಿ?"

"ದನ ಇಲ್ಲ. ನೋಡಾಕ."

ಓಬಳೇಶಪ್ಪ ಬಹಳ ಹೊತ್ತು ಯೋಚಿಸಿ, 'ಹುಲ್ಲು, ದನ ಇಲ್ಲ' ಎಂದು ಬರೆದ. ಬರೆದು ದಂಡೆ ಕಡಿದು ನೀರು ಬಿಟ್ಟ. ಮೇಲಿನ ಹೊಲದಲ್ಲಿ ಹುಲುಗೇಶನ ಈರುಳ್ಳಿ ಬಾಡುತ್ತಿತ್ತು, ಈಚೆ ಹೆಂಡತಿಯ ಮಲ್ಲಿಗೆ ಒಣಗುತ್ತಿತ್ತು, ನೀರು ಮಾತ್ರ ಯಾರೂ ಮೇಯದ ಹುಲ್ಲಿಗೆ ಹೋಗುತ್ತಿತ್ತು. ಆದರೆ ಪಾಳಿ ಪಾಳಿಯೇ. ಆ ದಿನ ಅವನಿಗೆ ತನ್ನ ನ್ಯಾಯದ ಮೇಲೆ ಎಂದೂ ಇಲ್ಲದ ಅಭಿಮಾನ ಉಕ್ಕಿ ಬಂತು. ತನಗೆ ಇಷ್ಟವಿಲ್ಲದ ಕಡೆಗೂ ನೀರು ಬಿಟ್ಟೆನಲ್ಲ ಎಂದು.

ಕಾಲುವೆ ನೀರಿನಿಂದ ಲಾನ್ ಬೆಳೆಸುವುದು ಗುರುಸಂಗಪ್ಪನವರು ತಿಳಿದಷ್ಟು ಸುಲಭವಿರಲಿಲ್ಲ. ತಿರುಗುವ ಕಾರಂಜಿ ತಂದು ಪಂಪಿಗೆ ಜೋಡಿಸಿದರು, ಎರಡನೇ ವಾರವೇ ಅದರ ತೂತಿನಲ್ಲಿ ಕೆಸರು ಕೂತು ಅದು ಉಸಿರಾಡುವುದನ್ನು ನಿಲ್ಲಿಸಿತು. ಹಾಗೇ ಹರಿಯಬಿಟ್ಟರು, ನೀರು ಹುಲ್ಲಿನ ಮೇಲೆ ಒಂದು ಗೆರೆ ಎಳೆದುಕೊಂಡು ನೆಟ್ಟಗೆ ಗೇಟಿನ ಆಚೆ ಹೋಯಿತು, ಹೋಗುವಾಗ ಸಾಹೇಬರ ಒಂದು ಜೊತೆ ಚಪ್ಪಲಿಯನ್ನೂ ಕರೆದುಕೊಂಡು ಹೋಯಿತು.

"ನೀರು ಸಾಹೇಬ್ರ ಮಾತ ಕೇಳಂಗಿಲ್ರಿ," ಎಂದ ಓಬಳೇಶಪ್ಪ, "ಇಳಿಜಾರಿನ ಮಾತ ಕೇಳತೈತಿ. ಮಡಿ ಕಟ್ಟಬೇಕ್ರಿ. ನಡುವ ಸಣ್ಣ ಕಾಲುವಿ ತೆಗೀಬೇಕು. ಒಂದು ಮಡಿ ತುಂಬಿದ ಮ್ಯಾಲ ಇನ್ನೊಂದಕ್ಕ ತಿರುವಬೇಕು."

"ಹಂಗ ಮಾಡಿದ್ರ ಲಾನ್ ಹೋಗಿ ಉಳ್ಳಾಗಡ್ಡಿ ಹೊಲ ಆಗತೈತಲ್ಲೋ!"

ಆದರೂ ಮಡಿ ಕಟ್ಟಿಸಿದರು. ಆಮೇಲೆ ಇನ್ನೊಂದು ತಮಾಷೆ ಶುರುವಾಯಿತು. ಕಾಲುವೆ ಇಪ್ಪತ್ತಾರು ಮಂದಿಯ ಹೊಲ ದಾಟಿ ಬರುತ್ತದೆ. ದಾಟುವಾಗ ಯಾರದೋ ಸಜ್ಜೆ, ಯಾರದೋ ಟೊಮೆಟೊ, ಬದುವಿನ ಗೋಣಿಸೊಪ್ಪು, ರಾಜಗಿರಿ, ಹಕ್ಕರಿಕೆ ಎಲ್ಲದರ ಬೀಜವನ್ನೂ ಹೊತ್ತು ತರುತ್ತದೆ. ಎಲ್ಲ ಬಂದು ಲಾನಿನಲ್ಲಿ ಇಳಿದವು, ಚೆನ್ನಾಗಿ ಬೆಳೆದವು. ದಾವಣಗೆರೆಯ ಹುಲ್ಲು ಮೂಲೆ ಹಿಡಿಯಿತು. 'ಹುಲ್ಲು ತುಳಿಯಬೇಡಿ' ಎಂದು ಬರೆಸಿ ನೆಟ್ಟ ಫಲಕಕ್ಕೆ ಅವರೆ ಬಳ್ಳಿಯೊಂದು ಹಬ್ಬಿ 'ಬೇಡಿ' ಎನ್ನುವುದನ್ನು ಮುಚ್ಚಿಬಿಟ್ಟಿತು. ವಾರಕ್ಕೊಮ್ಮೆ ಕಳೆ ಕೀಳಲು ಸಾಹೇಬರು ದ್ಯಾಮಕ್ಕನನ್ನು ಕರೆದರು. ಅವಳು ಕಿತ್ತ ಸೊಪ್ಪನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದು ಪಲ್ಯ ಮಾಡುತ್ತಿದ್ದಳು. ಕಾಲುವೆಯ ಹನಿ ನೀರೂ ಮನೆಗೆ ಬರಬಾರದು ಎಂದಿದ್ದ ಓಬಳೇಶಪ್ಪ ರೊಟ್ಟಿಯ ಜೊತೆ ಅದನ್ನು ತಿಂದು, "ಸೊಪ್ಪು ರುಚಿ ಐತಲ್ಲ" ಎನ್ನುತ್ತಿದ್ದ.

ಈ ವರ್ಷದ ಬೇಸಿಗೆ ಬಿರುಸಾಗಿತ್ತು. ಲಾನಿನ ಮೂಡಣ ಮೂಲೆಗೆ ನೀರು ತಲುಪದೆ ಹುಲ್ಲು ಹಳದಿಯಾಯಿತು. ಗುರುಸಂಗಪ್ಪನವರಿಗೆ ಅನುಮಾನ ಹುಟ್ಟಿತು. ಅವರ ಅನುಮಾನ ಸಾಮಾನ್ಯರ ಅನುಮಾನವಲ್ಲ, ದಾಖಲೆ ಕೇಳುವ ಅನುಮಾನ.

"ಓಬಳೇಶಪ್ಪ, ಅರ್ಧ ಎಕರೆಗೆ ನಲವತ್ತ ನಿಮಿಷ ಅನ್ನೋದು ಯಾವ ಲೆಕ್ಕ? ನನಗೇನೋ ಮೂಲದಾಗ ಹೆಚ್ಚಿಗಿ ಇರಬೇಕು ಅನಸತೈತಿ. ಹಳೇ ಪಾಳಿ ಪುಸ್ತಕ ಎಲ್ಲೈತಿ?"

ಓಬಳೇಶಪ್ಪ ಗಡಿಯಾರ ನೋಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದ.

ಯಾಕೆ ಎನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಓಬಳೇಶಪ್ಪ ಈ ಊರಿನವನಲ್ಲ. ಕೂಡ್ಲಿಗಿ ಸೀಮೆಯವನು. ಅಲ್ಲಿ ಕಾಲುವೆ ಎನ್ನುವುದನ್ನು ಅವನು ಪಾಠದ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ. ಸೋಮಪ್ಪನ ಒಬ್ಬಳೇ ಮಗಳನ್ನು ಮದುವೆಯಾಗಿ ಮನೆಯಳಿಯನಾಗಿ ಬಂದ. ಮರುವರ್ಷವೇ ಸೋಮಪ್ಪ ತೀರಿಕೊಂಡ, ಅದೇ ತಿಂಗಳು ಊರಿನವರು ಅಳಿಯನಿಗೆ ನೀರಗಂಟಿ ಕೆಲಸ ಕೊಟ್ಟರು. ಕೊಟ್ಟ ದಿನವೇ ಚಹದಂಗಡಿಯಲ್ಲಿ ಯಾರೋ ಅಂದರು: "ಮನಿಯಳಿಯಾ ನೀರಗಂಟಿ ಆದ. ಇನ್ನ ಕಾಲುವಿ ಮಾವನ ಹಿತ್ತಲದಾಗ ಹರೀತೈತಿ ನೋಡ್ರಿ." ಎಲ್ಲ ನಕ್ಕರು. ಓಬಳೇಶಪ್ಪ ಅರ್ಧ ಕುಡಿದ ಚಹ ಅಲ್ಲೇ ಇಟ್ಟು ಎದ್ದು ಬಂದ.

ಪಾಳಿ ಪುಸ್ತಕದಲ್ಲಿ ಸೋಮಪ್ಪನ ಹಿತ್ತಲಿಗೆ ವಾರಕ್ಕೆ ಆರು ನಿಮಿಷ ಇತ್ತು. ಮೂರು ತಲೆಮಾರಿನಿಂದ ಬಂದ ಹಕ್ಕು. ಓಬಳೇಶಪ್ಪ ಕೆಂಪು ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದ, ಆ ಆರು ನಿಮಿಷವನ್ನು ಕೊನೆಯ ಜಮೀನಿನ ಮೂವತ್ನಾಲ್ಕಕ್ಕೆ ಸೇರಿಸಿ ನಲವತ್ತು ಮಾಡಿದ, ಕೆಳಗೆ ಸಹಿ ಹಾಕಿದ. ಯಾರೂ ಹೇಳಿರಲಿಲ್ಲ, ಯಾರೂ ಕೇಳಲಿಲ್ಲ. ಕೊನೆಯ ಜಮೀನಿನವನು ಸಿಕ್ಕದ್ದು ಲಾಭವೆಂದು ಸುಮ್ಮನಾದ. ಹೆಂಡತಿ ಕೇಳಿದಾಗ 'ಮೇಲಿನಿಂದ ಆರ್ಡರ್' ಎಂದ. ಮುಂದೆ ಹೊಸ ಪುಸ್ತಕ ಬಂತು, ಅದರಲ್ಲಿ ಆ ಸಾಲೇ ಇರಲಿಲ್ಲ. ಊರ ಬಾಯಿ ಮುಚ್ಚಲು ತನ್ನದಲ್ಲದ ಸೊತ್ತನ್ನು ದಾನ ಮಾಡಿ ಧರ್ಮಾತ್ಮ ಎನಿಸಿಕೊಂಡವನು ಅವನು. ಮೊದಲ ಕೆಲವು ಬೇಸಿಗೆ, ಮುಂದಿನ ವರ್ಷ ಸರಿ ಮಾಡಿದರಾಯಿತು ಎಂದುಕೊಂಡ. ಆಮೇಲೆ ಹೆಸರು ಬೆಳೆಯಿತು. ಸರಿ ಮಾಡಬೇಕೆಂದರೆ ಹೆಂಡತಿಗೆ ಸುಳ್ಳು ಹೇಳಿದ್ದೆನೆಂದು ಒಪ್ಪಬೇಕು. ಅದಕ್ಕಿಂತ ಅವಳು ಕೊಡ ಹೊರುವುದೇ ಸುಲಭವಾಗಿ ಕಂಡಿತು, ಹೊರುವವನು ತಾನಲ್ಲವಲ್ಲ.

"ಹಳೇ ಪುಸ್ತಕ ಗೆದ್ದಲ ತಿಂದಾವ್ರಿ, ಸಾಹೇಬ್ರ," ಎಂದ ಅವನು.

"ಗೆದ್ದಲ ತಿಂದ ಕಾಗದ ಓದೇ ನಾನು ಮೂವತ್ತ ವರ್ಷ ನೌಕರಿ ಮಾಡಿದ್ದು," ಎಂದರು ಗುರುಸಂಗಪ್ಪನವರು.

ಸಂಘದ ಕಾರ್ಯದರ್ಶಿ ಆ ಮೇಲಿನ ಹೊಲದ ಹುಲುಗೇಶನೇ. ಹಳೆಯ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಬಹಳ ವರ್ಷದಿಂದ ಓಬಳೇಶಪ್ಪನ ಹತ್ತಿರ. ನಂಬಿಕಸ್ಥನಲ್ಲವೆ! ಆ ಸಂಜೆ ಅವನು ಸಂಘದ ಕೋಣೆಗೆ ಹೋಗಿ ಪೆಟ್ಟಿಗೆ ತೆಗೆದ. ಪುಸ್ತಕ ಮೇಲೇ ಇತ್ತು. ಗೆದ್ದಲು ಅದರ ಹತ್ತಿರವೂ ಸುಳಿದಿರಲಿಲ್ಲ. ಕೆರೆ ಅಲ್ಲೇ ನೂರು ಹೆಜ್ಜೆ ದೂರ, ಒಯ್ದು ಎಸೆದರೆ ಮುಗಿಯಿತು. ಅವನು ಪುಸ್ತಕ ಕೈಯಲ್ಲಿ ಹಿಡಿದು ಬಾಗಿಲವರೆಗೆ ಬಂದ. ಮುಂದೆ ಕಾಲು ಏಳಲಿಲ್ಲ. ಸಂಘದ ಕಾಗದ ಹಾಳು ಮಾಡುವುದು ಕಳ್ಳತನವಲ್ಲವೆ ಎಂದು ಅವನ ಮನಸ್ಸು ಹೇಳಿತು. ಹೆಂಡತಿಯ ನೀರು ಹೊಡೆದು ಹಾಕುವಾಗ ತೆಪ್ಪಗಿದ್ದ ಮನಸ್ಸಿಗೆ ಈಗ ಮಾತು ಬಂದಿತ್ತು. ಪುಸ್ತಕವನ್ನು ಇದ್ದಲ್ಲೇ ಇಟ್ಟು ಬೀಗ ಹಾಕಿ ಮನೆಗೆ ಬಂದು, ಹಸಿವಿಲ್ಲ ಎಂದು ಮಲಗಿದ. ಮರುದಿನ ಗುರುಸಂಗಪ್ಪನವರು ಹುಲುಗೇಶನನ್ನು ಜೊತೆಗೆ ಕರೆದುಕೊಂಡು ಬಂದು ಕೈ ನೀಡಿದಾಗ ಬೀಗದ ಕೈ ಕೊಟ್ಟುಬಿಟ್ಟ.

ಶನಿವಾರ ಬೆಳಿಗ್ಗೆ ಓಬಳೇಶಪ್ಪ ಲಾನಿಗೆ ನೀರು ಬಿಟ್ಟು ಗಡಿಯಾರ ನೋಡುತ್ತ ನಿಂತಿದ್ದ. ದ್ಯಾಮಕ್ಕ ಕೊನೆಯ ಮಡಿಯಲ್ಲಿ ಕೂತು ಗೋಣಿಸೊಪ್ಪು ಬಿಡಿಸುತ್ತಿದ್ದಳು. ಗುರುಸಂಗಪ್ಪನವರು ಒಳಗಿನಿಂದ ಒಂದು ಜೆರಾಕ್ಸ್ ಹಾಳೆ ಹಿಡಿದುಕೊಂಡು ಬಂದರು. ಮುಖ ಇಳಿದುಹೋಗಿತ್ತು.

"ಅಲ್ಲಪಾ ಓಬಳೇಶಪ್ಪ, ಹೆಚ್ಚಿಗಿ ಹುಡುಕಾಕ ಹೋದ್ರ ಇದ್ದದ್ದೂ ಹೋತು. ನನ್ನ ಜಮೀನಿಗಿ ಮೂಲದಾಗ ಮೂವತ್ನಾಕ ನಿಮಿಷ ಐತಿ. ಮ್ಯಾಲಿನ ಆರು ನನ್ನದಲ್ಲ."

ಗುರುಸಂಗಪ್ಪನವರು ಕನ್ನಡಕ ಏರಿಸಿ, ಕಚೇರಿಯಲ್ಲಿ ಓದುತ್ತಿದ್ದ ದನಿಯಲ್ಲಿ ಓದಿದರು:

"'ಹಿತ್ತಲ ಮಡಿ, ಬಾಬತ್ತು ಸೋಮಪ್ಪ, ಶನಿವಾರ, ಆರು ನಿಮಿಷ.' ಅದನ್ನ ಕೆಂಪು ಮಸಿ ಹಾಕಿ ಹೊಡದಾರ. ಕಾರಣ ಬರದಿಲ್ಲ, ಆದೇಶದ ನಂಬರ್ ಇಲ್ಲ, ತಾರೀಖ ಇಲ್ಲ. ಎಂಥಾ ಕೆಲಸ ಇದು! ಕೆಳಗ ಸಹಿ ಮಾತ್ರ ಐತಿ."

ದ್ಯಾಮಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದಳು.

"ಸೋಮಪ್ಪ ಅಂದ್ರ ನಮ್ಮಪ್ಪ ಅಲ್ಲೇನ್ರಿ, ಸಾಹೇಬ್ರ?"

"ಊರಾಗ ಆ ಹೆಸರಿನೋರು ಹಿತ್ತಲ ಇದ್ದೋರು ಇನ್ಯಾರು ಅದಾರವ್ವ?"

"ಸಹಿ ಯಾರ್ದೈತಿ?"

ಗುರುಸಂಗಪ್ಪನವರು ಹಾಳೆಯನ್ನೊಮ್ಮೆ, ಓಬಳೇಶಪ್ಪನನ್ನೊಮ್ಮೆ ನೋಡಿದರು. ದಾಖಲೆಗಳ ನಡುವೆ ಬದುಕಿದ ಮನುಷ್ಯನಿಗೆ ಮನುಷ್ಯರ ನಡುವೆ ನಿಂತಿದ್ದೇನೆ ಎನ್ನುವುದು ಆಗ ಹೊಳೆದಂತಾಯಿತು. ಅವರು ಹಾಳೆ ಮಡಿಚಿದರು. ಉತ್ತರ ಬೇಕಾಗಿರಲಿಲ್ಲ. ದ್ಯಾಮಕ್ಕ ಎದ್ದು ನಿಂತು ಗಂಡನ ಕಡೆ ತಿರುಗಿದಳು.

"ಮ್ಯಾಲಿನಿಂದ ಆರ್ಡರ್ ಬಂದೈತಿ ಅಂದಿದ್ರಿ."

"ಲೇ ದ್ಯಾಮಿ, ಆವಾಗ ಮಂದಿ..."

"ಆರ್ಡರ್ ಅಂದಿದ್ರಿ."

ಅಷ್ಟೇ. ಅವಳು ಉಡಿಯಲ್ಲಿದ್ದ ಸೊಪ್ಪನ್ನೆಲ್ಲ ಅಲ್ಲೇ ಲಾನಿನ ಮೇಲೆ ಕೊಡವಿ ಮನೆಗೆ ನಡೆದಳು. ಓಬಳೇಶಪ್ಪ ನಲವತ್ತು ನಿಮಿಷ ಮುಗಿಯುವುದನ್ನೇ ಕಾದ. ಹಿಂದೆಯೇ ಓಡಿ ಹೋಗಬೇಕಿತ್ತು, ಹೋಗಲಿಲ್ಲ, ಪಾಳಿ ನಡೆಯುತ್ತಿತ್ತಲ್ಲ. ನನಗಾದರೆ ಅಲ್ಲಿ ಅವನ ಕೈಯ ಗಡಿಯಾರ ಕಿತ್ತು ಕೆಸರಿಗೆ ಎಸೆಯಬೇಕು ಎನಿಸುತ್ತದೆ.

ಅವಳು ಬಯ್ಯಲಿಲ್ಲ, ಅಳಲಿಲ್ಲ. ರೊಟ್ಟಿ ಬಡಿದಳು, ಬಡಿಸಿದಳು, ಎಮ್ಮೆಗೆ ನೀರಿಟ್ಟಳು. ಹಿತ್ತಲ ಬಾಗಿಲ ಚಿಲಕ ಮಾತ್ರ ತೆಗೆಯಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಕೊಡಗಳು ಜಗಲಿಯ ಮೂಲೆಯಲ್ಲಿ ಬೋರಲು ಬಿದ್ದಿದ್ದವು. ಬೇಸಿಗೆಯ ಬಿಸಿಲಿಗೆ ಮೂರು ದಿನ ಸಾಕು. ನಾಲ್ಕೂ ಮಡಿಯ ಮಲ್ಲಿಗೆ ಎಲೆ ಸುರುಳಿ ಸುತ್ತಿಕೊಂಡಿತು, ಆಗಷ್ಟೇ ಬಂದಿದ್ದ ಮೊಗ್ಗು ಕಪ್ಪಾಗತೊಡಗಿತು.

"ಗಿಡ ಹೋಕ್ಕಾವ," ಎಂದ ಓಬಳೇಶಪ್ಪ.

"ಹೋಗ್ಲಿ ಬಿಡ್ರಿ," ಎಂದಳು. "ಪಾಳಿ ಇಲ್ಲದ ಹಿತ್ತಲಕ್ಕ ಎಷ್ಟ ದಿನ ಹೊರಲಿ?"

ನಾಲ್ಕನೆಯ ದಿನ ಊರು ಒಂದು ಅಪರೂಪದ ನೋಟ ಕಂಡಿತು. ಇಪ್ಪತ್ತೇಳು ಮಂದಿಗೆ ನೀರು ಹಂಚುವ ನೀರಗಂಟಿ ಹೆಗಲ ಮೇಲೆ ಕೊಡ ಇಟ್ಟುಕೊಂಡು ಬೀದಿ ನಲ್ಲಿಯ ಮುಂದೆ ಹೆಂಗಸರ ಸಾಲಿನಲ್ಲಿ ನಿಂತಿದ್ದ. ಗಂಡಸು ಬಂದನೆಂದು ಹೆಂಗಸರು ಮುಂದೆ ಬಿಡಲು ಹೋದರೆ, "ಬ್ಯಾಡ್ರವ್ವ, ನನ್ನ ಪಾಳಿ ಬರ್ಲಿ" ಎಂದ. ಆರನೆಯ ಕೊಡಕ್ಕೆ ಅವನ ಸೊಂಟ ಹಿಡಿದುಕೊಂಡಿತು. ಹನ್ನೆರಡನೆಯದಕ್ಕೆ ಅವನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟ. ಬೇಲಿಯ ಆಚೆ ಕಾಲುವೆ ಗುಳುಗುಳು ಎನ್ನುತ್ತ ಹೋಗುತ್ತಿತ್ತು. ಮಡಿಗಳಲ್ಲಿ ಇನ್ನೂ ಎರಡು ಹಾಗೇ ಒಣಗಿದ್ದವು. ಮೂವತ್ತೆರಡು ವರ್ಷ ಅವನು ಅದನ್ನು ಕಣ್ಣಿಂದ ನೋಡಿದ್ದ, ಸೊಂಟದಿಂದ ನೋಡಿದ್ದು ಅದೇ ಮೊದಲು. ಅವನಿಗೆ ನಾಚಿಕೆಯಾಯಿತು. ಬಾಗಿಲ ಹಿಂದೆ ದ್ಯಾಮಕ್ಕ ನಿಂತು ನೋಡುತ್ತಿದ್ದಳು, ಒಂದು ಲೋಟ ನೀರು ತಂದು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ಆ ವಾರ ಸಂಘದ ಸಭೆ ಸೇರಿತು. ಸೇರಿಸಿದವರು ಗುರುಸಂಗಪ್ಪನವರೇ. ಜನ ಅಂದುಕೊಂಡದ್ದು ಅವರು ಆರು ನಿಮಿಷಕ್ಕಾಗಿ ಜಗಳ ಹೂಡುತ್ತಾರೆಂದು. ಅವರು ಎದ್ದು ನಿಂತು, "ದಾಖಲೆದಾಗ ನನ್ನದಲ್ಲ ಅಂದ ಮ್ಯಾಲ ನನ್ನದಲ್ಲ. ನಾಕ ವರ್ಷ ಬ್ಯಾರೇರ ನೀರು ನನ್ನ ಲಾನ್ ಕುಡದೈತಿ. ಕುಡದೂ ಹಸಿರಾಗ್ಲಿಲ್ಲ, ಆ ಮಾತ ಬ್ಯಾರೆ. ಸೋಮಪ್ಪನ ಮಗಳ ಹೆಸರಿಗೆ ಸಾಲು ತಿರುಗಿ ಬರೀರಿ" ಎಂದರು.

ಸಭೆ ಓಬಳೇಶಪ್ಪನ ಮುಖ ನೋಡಿತು. ಅವನು ಎದ್ದು, "ಹೊಡದೋನು ನಾನ. ಯಾರೂ ಹೇಳಿರಲಿಲ್ಲ. ಮನಿಯಳಿಯಾ ಅಂತ ಮಂದಿ ನಗತಾರಂತ ಹೊಡದೆ" ಎಂದ. ಬಯ್ದರೆ ಬಯ್ಯಲಿ ಎಂದು ಸಿದ್ಧನಾಗಿಯೇ ನಿಂತಿದ್ದ. ಆದರೆ ಅವನ ಗ್ರಹಚಾರ ನೋಡಿ, ಸಭೆ ಚಪ್ಪಾಳೆ ತಟ್ಟಿತು. ಸ್ವಂತ ಹೆಂಡತಿಯ ನೀರು ಬಿಟ್ಟುಕೊಟ್ಟ ಇಂಥ ನೀರಗಂಟಿ ಎಲ್ಲಾದರೂ ಉಂಟೇ ಎಂದು ಅಧ್ಯಕ್ಷರು ಎರಡು ಮಾತು ಆಡಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ದ್ಯಾಮಕ್ಕ ಸೆರಗು ಬಿಗಿದುಕೊಂಡು ಹೊರಗೆ ಹೋದಳು. ಆ ಚಪ್ಪಾಳೆಯಷ್ಟು ಓಬಳೇಶಪ್ಪನಿಗೆ ಜೀವಮಾನದಲ್ಲಿ ಯಾವುದೂ ಚುಚ್ಚಿರಲಿಲ್ಲ.

ಶುಕ್ರವಾರ ಅವನು ಕೆರೆಯ ಕಡೆಯಿಂದ ಮನೆಗೆ ಬಂದಾಗ ಹಿತ್ತಲ ಬಾಗಿಲು ತೆರೆದಿತ್ತು. ದ್ಯಾಮಕ್ಕ ಮಣ್ಣು ಕೆದರಿ ಹದ ಮಾಡಿದ್ದಳು. ಬೇಲಿಯ ಬುಡದಿಂದ ಒಂದು ಗೇಣು ಅಗಲದ ಕಾಲುವೆ ತೆಗೆದು, ನಾಲ್ಕೂ ಮಡಿಗೆ ಬದು ಕಟ್ಟಿ, ಸತ್ತ ಏಳು ಮಡಿಯ ಜಾಗದಲ್ಲೂ ಹೊಸದಾಗಿ ಬದು ಎಳೆದಿದ್ದಳು. ಇಳಿಜಾರು ಒಂದು ಬೆರಳಿನಷ್ಟೂ ತಪ್ಪಿರಲಿಲ್ಲ. ಓಬಳೇಶಪ್ಪ ಕೂತು, ಕಣ್ಣು ಕಿರಿದು ಮಾಡಿ ಉದ್ದಕ್ಕೂ ನೋಡಿದ. ಅವನಿಗೆ ತಿದ್ದಲು ಏನೂ ಸಿಗಲಿಲ್ಲ.

"ಚಲೋ ಕಟ್ಟೀದಿ," ಎಂದ.

"ನಮ್ಮಪ್ಪ ಕಲಿಸಿದ್ದು," ಎಂದಳು. ಅವನು ಕೊಡ ಹೊತ್ತ ದಿನದಿಂದ ಅವಳು ಆಡಿದ ಮೊದಲ ಮಾತು ಅದೇ.

ಶನಿವಾರ ಬೆಳಿಗ್ಗೆ ಹಿತ್ತಲ ಬೇಲಿಯ ಹತ್ತಿರ ಹತ್ತಿಪ್ಪತ್ತು ಮಂದಿ ಸೇರಿದ್ದರು. ದ್ಯಾಮಕ್ಕ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ಮೊದಲ ಮಡಿಯ ಹತ್ತಿರ ನಿಂತಿದ್ದಳು. ಓಬಳೇಶಪ್ಪ ಗಡಿಯಾರ ನೋಡಿ ದಂಡೆ ಕಡಿದ. ನೀರು ಬೇಲಿಯ ಬುಡ ನುಸುಳಿ, ಒಣ ಎಲೆಗಳನ್ನು ತಳ್ಳಿಕೊಂಡು ಒಳಗೆ ಬಂತು. ಮೊದಲ ಮಡಿ ತುಂಬಿತು. ಅವಳು ಹಿಮ್ಮಡಿಯಿಂದ ಬದು ಒತ್ತಿ ಮುಚ್ಚಿ, ಸಲಿಕೆಯ ಒಂದೇ ಏಟಿಗೆ ಎರಡನೆಯದಕ್ಕೆ ತಿರುಗಿಸಿದಳು. ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹನಿ ಹೊರಗೆ ಹೋಗಲಿಲ್ಲ. ಬಂದವರು ಕತ್ತು ಚಾಚಿ ನೋಡಿದರು. ಇಷ್ಟು ಬಲ್ಲವಳನ್ನು ತಾನು ನಲ್ಲಿಯ ಮುಂದೆ ನಿಲ್ಲಿಸಿದ್ದೆನಲ್ಲ ಎಂದು ಓಬಳೇಶಪ್ಪನಿಗೆ ಸಂಕಟವಾಯಿತು. ಎರಡು ಮುಗಿಯಿತು, ಮೂರು ಮುಗಿಯಿತು. ನಾಲ್ಕನೆಯ ಮಡಿಗೆ ನೀರು ಅರ್ಧ ಏರುತ್ತಿದ್ದಾಗ ಆರು ನಿಮಿಷ ಆಯಿತು.

ಓಬಳೇಶಪ್ಪನ ಕೈಯಲ್ಲಿ ಹೆಂಟೆ ಸಿದ್ಧವಿತ್ತು. ಆದರೂ ಅವನು ಬಗ್ಗಿ ಇಡಲಿಲ್ಲ. ಈ ಒಂದು ಮಡಿ ತುಂಬಲಿ ಎಂದು ನಿಂತ. ಬೇಕಾದರೆ ಹತ್ತು ನಿಮಿಷ ಹೋಗಲಿ, ಊರು ಏನಾದರೂ ಅನ್ನಲಿ. ಅವನು ಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡ. ಜನ ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದರು.

"ಎಷ್ಟಾತು?" ಎಂದು ದ್ಯಾಮಕ್ಕ ಕೇಳಿದಳು.

"ಇನ್ನಾ ಐತಿ."

ಅವಳು ಸೊಂಟದಿಂದ ತನ್ನ ಮೊಬೈಲು ತೆಗೆದು ನೋಡಿದಳು. ಸಲಿಕೆ ನೆಲಕ್ಕೆ ಊರಿ ನಿಂತಳು.

"ಏಳಾತು. ಮುಚ್ರಿ."

"ಕಡೀ ಮಡಿ ಅರ್ಧ ಉಳದೈತಲ್ಲೇ ದ್ಯಾಮಿ. ತುಂಬ್ಲಿ ತಡಿ."

"ಮೂವತ್ತೆರಡ ವರ್ಷ ನನ್ನ ನೀರು ಮಂದಿಗೆ ಕೊಟ್ಟು ದೊಡ್ಡೋರಾದ್ರಿ. ಈಗ ಮಂದಿ ನೀರು ನನಗ ಕೊಟ್ಟು ದೊಡ್ಡೋರಾಗಬ್ಯಾಡ್ರಿ. ಮುಚ್ರಿ."

ಓಬಳೇಶಪ್ಪ ಬಗ್ಗಿ ಹೆಂಟೆ ಇಟ್ಟ. ಕಾಲಿನಿಂದ ತುಳಿಯುವಾಗ ಎರಡು ಸಲ ಜಾರಿತು. ನೀರು ನಿಂತಿತು. ಕೊನೆಯ ಮಡಿಯಲ್ಲಿ ಅರ್ಧ ನೆನೆದ ಮಣ್ಣನ್ನೂ ಅರ್ಧ ಒಣ ಮಣ್ಣನ್ನೂ ಬಿಟ್ಟು ದ್ಯಾಮಕ್ಕ ಜಗಲಿಗೆ ಹೋಗಿ ಕೊಡ ಎತ್ತಿಕೊಂಡಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ, ಒಬ್ಬಳೇ ನಲ್ಲಿಯ ಕಡೆ ನಡೆದಳು.